ಸವಾಯ್‌ನಲ್ಲಿ ಅಪ್ಪ ಅಮ್ಮನ ಜೊತೆ ಒಂದು ರಾತ್ರಿ

ಟ್ಯಾಕ್ಸಿ ಲಂಡನ್ನಿನ ಸ್ಟ್ರಾಂಡ್ ರಸ್ತೆ ಬಿಟ್ಟು ಸವಾಯ್ ಹೋಟೆಲಿನ ಅಂಗಳಕ್ಕೆ ತಿರುಗಿದ್ದೇ ತಡ, ಅಪ್ಪ ಸೀಟಿನ ತುದಿಗೆ ಬಂದರು. "ಏನ್ಲಾ ಇವ್ನು, ರಾಂಗ್ ಸೈಡಲ್ಲಿ ಓಗ್ತಾವ್ನೆ!" ಮಂಡ್ಯ ಡಿಪೋದಲ್ಲಿ 31 ವರ್ಷ ಬಸ್ ಓಡಿಸಿದವರು ಅವರು. ಕಣ್ಣು ತಪ್ಪುತ್ತಾ? ಸವಾಯ್ ಕೋರ್ಟ್ ಅನ್ನೋ ಆ ಗಿಡ್ಡ ರಸ್ತೆಯಲ್ಲಿ ಗಾಡಿಗಳು ಬಲಗಡೆಯೇ ಹೋಗಬೇಕು. ಲಂಡನ್ನಿನ ಬೇರೆ ರಸ್ತೆಗಳಲ್ಲಿ ನಮ್ಮ ಹಾಗೇ ಎಡಗಡೆ. ಬಾಗಿಲಲ್ಲಿ ಎತ್ತರದ ಟೋಪಿ ಹಾಕಿದ ಡೋರ್‌ಮ್ಯಾನ್ ಟ್ಯಾಕ್ಸಿ ಬಾಗಿಲು ತೆಗೆದಾಗ ಅಪ್ಪನ ಮೊದಲ ಪ್ರಶ್ನೆ ಇದೇ ಆಗಿತ್ತು. ಡೋರ್‌ಮ್ಯಾನ್ ನಗುತ್ತಾ ವಿವರಿಸಿದರು, ನಾನು ಕನ್ನಡಕ್ಕೆ ಹೇಳಿದೆ. ಅಪ್ಪನ ಸಂಕೋಚ ಅಲ್ಲೇ ಅರ್ಧ ಇಳಿಯಿತು.

ನಾನಿರೋದು ಲಂಡನ್ ಹತ್ತಿರದ ರೆಡಿಂಗ್‌ನಲ್ಲಿ. ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬಿತು ಅಂತ ಒಂದೇ ಒಂದು ರಾತ್ರಿ ಅವರನ್ನು ಇಲ್ಲಿ ತಂಗಿಸಬೇಕು ಅಂದುಕೊಂಡೆ. ಹೇಗೆ ಮಾಡಿದೆ ಅಂತ ಸ್ನೇಹಿತರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ರಾತ್ರಿ ಆರಿಸಿಕೊಂಡೆ. ಶನಿವಾರಕ್ಕಿಂತ ಕಡಿಮೆಗೆ ಸಿಕ್ಕಿತು. ತಿಂಗಳು ಮಾರ್ಚ್. ಚಳಿ ಇರುತ್ತದೆ ನಿಜ, ಆದರೆ ನದಿ ದಂಡೆಯ ಮರಗಳಲ್ಲಿ ಎಲೆ ಇರೋದಿಲ್ಲ, ಕಿಟಕಿಯಿಂದ ಥೇಮ್ಸ್ ಪೂರ್ತಿ ಕಾಣುತ್ತದೆ. ಚಿತ್ರಕಾರ ಮೋನೆ 1899ರಿಂದ 1901ರವರೆಗೆ ಇಲ್ಲಿಗೆ ಬಂದು ಉಳಿದು, ಇದೇ ಹೋಟೆಲಿನಿಂದ ವಾಟರ್‌ಲೂ ಸೇತುವೆಯನ್ನು ಮತ್ತೆ ಮತ್ತೆ ಬಿಡಿಸಿದ್ದ. ಅವನಿಗೆ ಬೇಕಿದ್ದದ್ದೂ ಚಳಿಗಾಲದ ಮಂಜೇ. ನದಿ ಕಡೆಯ ರೂಮಿಗೆ ಜಾಸ್ತಿ ಕೊಡಬೇಕು. ನನ್ನ ಪ್ರಕಾರ ಉಳಿದೆಲ್ಲದರಲ್ಲಿ ಹಿಡಿತ ಮಾಡಿ, ಇದೊಂದಕ್ಕೆ ಕೊಡಬೇಕು.

ರೂಮನ್ನು ಹೋಟೆಲಿನಲ್ಲೇ ನೇರವಾಗಿ ಬುಕ್ ಮಾಡಿದೆ. ಆಮೇಲೆ ಒಂದು ಇಮೇಲ್ ಬರೆದೆ. ಆ ಇಮೇಲೇ ಎಲ್ಲಕ್ಕಿಂತ ಮುಖ್ಯ. ಮೂವರಿಗೂ ಒಂದೇ ರೂಮು, ಒಂದು ಹಾಸಿಗೆ ಜಾಸ್ತಿ ಬೇಕು. ಅಮ್ಮ ಮೊಟ್ಟೆ ಕೂಡ ತಿನ್ನುವುದಿಲ್ಲ. ಬಾತ್‌ರೂಮಿಗೆ ಹಿಡಿ ಇರುವ ಒಂದು ಜಗ್ ಬೇಕು. ಈ ಕೊನೆಯದನ್ನು ಬರೆಯಲು ನಮ್ಮವರು ನಾಚಿಕೊಳ್ಳುತ್ತಾರೆ. ದಯವಿಟ್ಟು ನಾಚಿಕೊಳ್ಳಬೇಡಿ. ಅಂಥ ಹೋಟೆಲಿನಲ್ಲಿ ನಾವು ದುಡ್ಡು ಕೊಡೋದೇ ಕೇಳಿದ್ದನ್ನು ಮುಖ ಸಿಂಡರಿಸದೆ ಮಾಡಿಕೊಡಲಿ ಅಂತ, ಅಲ್ವಾ? ನಾವು ಹೋಗುವಷ್ಟರಲ್ಲಿ ಬಾತ್‌ರೂಮಿನಲ್ಲಿ ಬಿಳಿ ಜಗ್ ಇತ್ತು. ಅಮ್ಮ ಮೊದಲು ನೋಡಿದ್ದೂ ಅದನ್ನೇ. "ಚೊಂಬು ಇಟ್ಟವ್ರೆ ಕಣೋ" ಅಂತ ಕೂಗಿದರು.

ಕಾರ್ಡಿನ ವಿಷಯ ಒಂದು ಮಾತು. ರೂಮಿನ ಬಾಡಿಗೆಯ ಜೊತೆಗೆ ಒಂದಿಷ್ಟು ಹಣವನ್ನು ಡೆಪಾಸಿಟ್ ಅಂತ ಹಿಡಿದಿಡುತ್ತಾರೆ. ಖಾಲಿ ಮಾಡಿದ ಮೇಲೆ ಅದು ಬಿಡುಗಡೆಯಾಗಲು ಕೆಲವು ದಿನ ಬೇಕು. ಡೆಬಿಟ್ ಕಾರ್ಡ್ ಕೊಡಬೇಡಿ, ಕ್ರೆಡಿಟ್ ಕಾರ್ಡ್ ಕೊಡಿ.

ನಾವು ಹೋದಾಗ ಮಧ್ಯಾಹ್ನದ ಟೀ ಕೊಟ್ಟಿದ್ದು ಥೇಮ್ಸ್ ಫಾಯರ್ ಅನ್ನೋ ಹಜಾರದಲ್ಲಿ. ಮೇಲೆ ಗಾಜಿನ ಗುಮ್ಮಟ, ಕೆಳಗೆ ಒಬ್ಬರು ಪಿಯಾನೊ ನುಡಿಸುತ್ತಿದ್ದರು. ಇದಕ್ಕೆ ಮೊದಲು ಬೇರೊಂದು ಕಡೆ ಟೀಗೆ ಹೋದಾಗ ಅಮ್ಮ ಅರ್ಧ ತಿಂದ ಸಿಹಿಯಲ್ಲಿ ಜೆಲಾಟಿನ್ ಇದೆ ಅಂತ ಗೊತ್ತಾಗಿತ್ತು. ಜೆಲಾಟಿನ್ ಮಾಡೋದು ಪ್ರಾಣಿಗಳ ಚರ್ಮ, ಮೂಳೆಯಿಂದ. ಆ ದಿನ ಪೂರ್ತಿ ಅಮ್ಮ ಊಟ ಬಿಟ್ಟರು. ಹಾಗಾಗಿ ಈ ಸಲ 'ವೆಜಿಟೇರಿಯನ್' ಅಂತಷ್ಟೇ ಬರೆಯದೆ ಮೊಟ್ಟೆ, ಜೆಲಾಟಿನ್ ಎರಡೂ ಬೇಡ ಅಂತ ಬಿಡಿಸಿ ಬರೆದಿದ್ದೆ. ಅಮ್ಮನಿಗೆ ಬೇರೆಯೇ ತಟ್ಟೆ ಬಂತು. ತಂದ ಹುಡುಗಿ ಒಂದೊಂದನ್ನೂ ತೋರಿಸಿ ಏನೇನಿದೆ ಅಂತ ಹೇಳಿ ಹೋದಳು. ಸೌತೆಕಾಯಿ ಸ್ಯಾಂಡ್‌ವಿಚ್ ಅಮ್ಮನಿಗೆ ಸಪ್ಪೆ ಅನ್ನಿಸಿತು. ಆದರೆ ಸ್ಕೋನ್ ಅನ್ನೋ ಬನ್ ಜೊತೆ ಬಂದ ಕ್ಲಾಟೆಡ್ ಕ್ರೀಮನ್ನು ಚಮಚದ ತುದಿಯಲ್ಲಿ ತೆಗೆದು ನಾಲಿಗೆಗಿಟ್ಟು, ಒಂದು ಗಳಿಗೆ ಸುಮ್ಮನಿದ್ದರು. "ಇದು ನಮ್ಮ ಕೆನೆನೇ. ನಮ್ಮವ್ವ ಇಂಗೇ ದಪ್ಪಗೆ ತೆಗೀತಿದ್ಲು." ಹೌದು, ಅದೂ ಹಾಲಿನ ಕೆನೆಯನ್ನು ನಿಧಾನವಾಗಿ ಕಾಯಿಸಿ, ಆರಿಸಿ ಮಾಡುವುದೇ.

ಆ ದಿನ ಊರು ಸುತ್ತಲು ಹೋಗಲೇ ಇಲ್ಲ. ಒಂದೇ ರಾತ್ರಿ ಉಳಿಯುವವರು ಹೊರಗೆ ತಿರುಗಿದರೆ ಕೊಟ್ಟ ದುಡ್ಡು ದಂಡ. ಒಳಗೇ ನೋಡುವುದು ಬೇಕಾದಷ್ಟಿದೆ. ನಾಟಕ ಕಂಪನಿ ನಡೆಸುತ್ತಿದ್ದ ರಿಚರ್ಡ್ ಡಾಯ್ಲಿ ಕಾರ್ಟ್ ಗೀತನಾಟಕಗಳಿಂದ ಗಳಿಸಿದ ಹಣದಲ್ಲಿ 1889ರಲ್ಲಿ ತೆರೆದ ಹೋಟೆಲ್ ಇದು. ಆಗಲೇ ಒಳಗೆಲ್ಲ ಕರೆಂಟ್ ದೀಪ, ಕರೆಂಟ್ ಲಿಫ್ಟ್. ಬೆಂಗಳೂರಿನ ಬೀದಿಗೆ ಶಿವನಸಮುದ್ರದ ಕರೆಂಟ್ ಬಂದಿದ್ದು 1905ರಲ್ಲಿ ಅಂತ ಹೇಳಿದೆ. ಅಪ್ಪ ದೀಪಗಳನ್ನೆಲ್ಲ ಇನ್ನೊಮ್ಮೆ ತಲೆಯೆತ್ತಿ ನೋಡಿದರು.

ಅಮ್ಮನಿಗೆ ಇಷ್ಟವಾಗಿದ್ದು ಕ್ಯಾಸ್ಪರ್ ಅನ್ನೋ ಕರಿ ಬೆಕ್ಕು. 1927ರಲ್ಲಿ ಮರದಲ್ಲಿ ಕೆತ್ತಿದ್ದು. ಊಟಕ್ಕೆ 13 ಜನ ಕೂತರೆ ಕೇಡು ಅನ್ನೋ ನಂಬಿಕೆ ಇಲ್ಲಿನವರಿಗೆ. ಅಂಥ ಪಂಕ್ತಿಯಲ್ಲಿ ಬೆಕ್ಕನ್ನು 14ನೆಯವನಾಗಿ ಕೂರಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿ, ಪ್ರತಿಯೊಂದು ಅಡುಗೆಯನ್ನೂ ಅದಕ್ಕೂ ಬಡಿಸುತ್ತಾರೆ. "ಎಡೆ ಇಟ್ಟಂಗೆ" ಅಂದರು ಅಮ್ಮ.

ರಾತ್ರಿ ಕುರ್ಚಿ ಎಳೆದುಕೊಂಡು ಇಬ್ಬರೂ ಕಿಟಕಿ ಹತ್ತಿರ ಕೂತರು. ನಾನು ಮಲಗಿದಾಗಲೂ ಕೂತೇ ಇದ್ದರು.

ಬೆಳಗ್ಗೆ ಬಿಲ್ ನೋಡುವಾಗ ಸರ್ವಿಸ್ ಚಾರ್ಜ್ ಸೇರಿದೆಯಾ ಅಂತ ಗಮನಿಸಿ. ಸೇರಿದ್ದರೆ ಮತ್ತೆ ಟಿಪ್ಸ್ ಕೊಡಲೇಬೇಕು ಅಂತೇನಿಲ್ಲ. ಸಾಮಾನು ಅಲ್ಲೇ ಬಿಟ್ಟು, ನದಿ ದಾಟಿ, ದಂಡೆಯಲ್ಲೇ ನಡೆದು ಲ್ಯಾಂಬೆತ್‌ನ ಬಸವಣ್ಣನ ಪ್ರತಿಮೆಗೆ ಹೋದೆವು. 2015ರಲ್ಲಿ ಅನಾವರಣವಾದದ್ದು. ರೂಮಿನಲ್ಲಿ ಇಟ್ಟಿದ್ದ ಹೂಗಳಲ್ಲಿ ಒಂದನ್ನು ಅಮ್ಮ ಕೇಳಿಯೇ ತಂದಿದ್ದರು. ಅದನ್ನು ಪ್ರತಿಮೆಯ ಪೀಠದ ಬಳಿ ಇಟ್ಟು ಕೈ ಮುಗಿದರು.

ಸಾಮಾನಿಗೆ ವಾಪಸ್ ಬಂದಾಗ ಅಪ್ಪ ಒಳಗೆ ಬರಲಿಲ್ಲ. ಲಂಡನ್ನಿನ ಕರಿ ಟ್ಯಾಕ್ಸಿ ತೀರಾ ಚಿಕ್ಕ ಜಾಗದಲ್ಲಿ ಪೂರ್ತಿ ತಿರುಗಬೇಕು ಅನ್ನೋದು ನಿಯಮ. ಅದನ್ನು ಅವರಿಗೆ ಡೋರ್‌ಮ್ಯಾನ್ ಹೇಳಿದ್ದರಂತೆ. ನಾನು ಪೆಟ್ಟಿಗೆ ಎಳೆದುಕೊಂಡು ಬಂದರೆ, ಅಪ್ಪ ಕೈ ಹಿಂದೆ ಕಟ್ಟಿಕೊಂಡು, ತಿರುಗುವ ಒಂದೊಂದು ಟ್ಯಾಕ್ಸಿಯ ಮುಂದಿನ ಚಕ್ರವನ್ನೇ ನೋಡುತ್ತಾ ನಿಂತಿದ್ದರು. "ಇನ್ನೊಂದು ಬರ್ಲಿ, ತಡಿ" ಅಂದರು.