ಒಂಬತ್ತು ಮೂಟೆ ಸಿಮೆಂಟು ಹೊರುವ ಸ್ಟ್ಯಾಂಡು

ಟೀಯಲ್ಲಿ ಅದ್ದಿದ ರಸ್ಕು ನೋಡಿದ್ದೀರಲ್ಲ? ನಮ್ಮ ಮನೆಯ ಮೊದಲ ಅಕ್ವೇರಿಯಂ ಸ್ಟ್ಯಾಂಡು ಎರಡನೇ ಮಳೆಗಾಲಕ್ಕೆ ಹಾಗೇ ಆಗಿತ್ತು. ಎರಡಡಿ ತೊಟ್ಟಿ ಕೊಂಡಾಗ ಅಂಗಡಿಯವರೇ ಜೊತೆಗೆ ಕೊಟ್ಟ ಪಾರ್ಟಿಕಲ್ ಬೋರ್ಡಿನ ಸ್ಟ್ಯಾಂಡು ಅದು. ಮೇಲೆ ಕಪ್ಪಗೆ ಮಿಂಚುವ ಹಾಳೆ, ಒಳಗೆ ಬರೀ ಮರದ ಹೊಟ್ಟು. ನೀರು ಬದಲಿಸುವಾಗ ನಾಲ್ಕು ಹನಿ ಚೆಲ್ಲೋದು ಇದ್ದದ್ದೇ. ಆ ಹನಿಗಳು ಅಂಚಿನಿಂದ ಒಳಗಿಳಿದು ಬೋರ್ಡು ಉಬ್ಬಿತು. ಒಂದು ದಿನ ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಬೆರಳು ಒಳಗೇ ಹೋಯಿತು. ಅವತ್ತು ಸಂಜೆಯೇ ಮೀನುಗಳನ್ನೆಲ್ಲಾ ಬಕೆಟ್ಟಿಗೆ ಹಾಕಿ ತೊಟ್ಟಿ ಕೆಳಗಿಳಿಸಿದೆ.

ಅಷ್ಟರಲ್ಲಿ ಗೋಲ್ಡ್ ಫಿಶ್‌ಗಳೂ ಅಂಗೈ ಅಗಲ ಬೆಳೆದಿದ್ದವು. ಅವಕ್ಕೆ ಎರಡಡಿ ಸಾಲುತ್ತಿರಲಿಲ್ಲ. ನಾಲ್ಕಡಿ ತೊಟ್ಟಿ ಮಾಡಿಸೋಣ, ಸ್ಟ್ಯಾಂಡು ಮಾತ್ರ ನಾನೇ ಮಾಡುತ್ತೇನೆ ಅಂದೆ. ಮನೆಯಲ್ಲಿ ಯಾರೂ ನಂಬಲಿಲ್ಲ. ನಾನು ಅದಕ್ಕೂ ಮುಂಚೆ ಮರದಲ್ಲಿ ಮಾಡಿದ್ದು ಒಂದು ಚಪ್ಪಲಿ ಗೂಡು. ಅದೂ ಒಂದು ಕಡೆಗೆ ವಾಲಿತ್ತು.

ಮೊದಲು ಭಾರದ ಲೆಕ್ಕ ಹಾಕಿದೆ. ತೊಟ್ಟಿ 48 ಇಂಚು ಉದ್ದ, 18 ಇಂಚು ಅಗಲ, 24 ಇಂಚು ಎತ್ತರ. ಅಂದರೆ 12 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಹಿಡಿಯುತ್ತದೆ. ಮೇಲೆ ಎರಡು ಇಂಚು ಬಿಟ್ಟು ತುಂಬಿಸಿದರೂ 310 ಲೀಟರ್. ಲೀಟರಿಗೊಂದು ಕೆಜಿ. 12 ಎಂಎಂ ಗಾಜು ಚದರ ಮೀಟರಿಗೆ 30 ಕೆಜಿ ತೂಗುತ್ತದೆ, ಹಾಗಾಗಿ ಗಾಜೇ 80 ಕೆಜಿ ಹತ್ತಿರ. ಮರಳು, ಕಲ್ಲು ಸೇರಿಸಿದರೆ ನಾಲ್ಕೂವರೆ ಕ್ವಿಂಟಾಲ್. ಕಾಗದದ ಮೇಲೆ ಇದು ಬರೀ ಅಂಕಿ. ಒಂಬತ್ತು ಮೂಟೆ ಸಿಮೆಂಟು ಅಂದುಕೊಂಡಾಗ ಎದೆ ಧಸಕ್ಕೆಂದಿತು. ಒಂಬತ್ತು ಮೂಟೆ, ಹಗಲು ರಾತ್ರಿ, ವರ್ಷಗಟ್ಟಲೆ, ಪಡಸಾಲೆಯ ಒಂದು ಮೂಲೆಯಲ್ಲಿ.

ನಮ್ಮದು ತುಮಕೂರಿನ ಮರಳೂರು ಕಡೆ ನೆಲಮಹಡಿ ಮನೆ. ಅದರಿಂದ ನೆಲದ ಚಿಂತೆ ಇರಲಿಲ್ಲ. ನೀವು ಮೇಲಿನ ಮಹಡಿಯಲ್ಲಿದ್ದರೆ ಇದನ್ನು ಸುಮ್ನೆ ಬಿಡಬೇಡಿ. ಮನೆಗಳ ಮಹಡಿಯ ನೆಲಕ್ಕೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಲೆಕ್ಕ ಹಿಡಿದು ಕಟ್ಟುತ್ತಾರೆ. ಈ ತೊಟ್ಟಿ ನಿಲ್ಲುವುದು ಅರ್ಧ ಚದರ ಮೀಟರಿನಲ್ಲಿ. ಗೋಡೆಗೆ ಒತ್ತಿ, ತೊಲೆ ಇರುವ ಕಡೆ ಇಡುವುದು ವಾಸಿ. ಇಂಜಿನಿಯರನ್ನು ಕೇಳಿ ಇಡುವುದು ಇನ್ನೂ ವಾಸಿ.

ಮರಕ್ಕೆ ದುಡ್ಡು ಕೊಡಬೇಕಾಗಲಿಲ್ಲ. ಗುಬ್ಬಿ ತಾಲ್ಲೂಕಿನ ನಮ್ಮ ಊರಲ್ಲಿ ಗಾಳಿಗೆ ಬಿದ್ದ ಹಲಸಿನ ಮರವನ್ನು ಕೊಯ್ಯಿಸಿ, ಹಲಗೆಗಳನ್ನು ಅಟ್ಟದ ಮೇಲೆ ಹಾಕಿ ಐದು ವರ್ಷವಾಗಿತ್ತು. ಅಮ್ಮ ಅದನ್ನು ಮಣೆ ಮಾಡಿಸೋಕೆ ಅಂತ ಇಟ್ಟಿದ್ದರು. "ವೀಣೆ ಮಾಡೋ ಮರ ಕಣೋ ಅದು, ಮೀನಿಗೆ ಕಾಲು ಮಾಡ್ತೀಯಾ?" ಅಂದರು. ಎರಡು ಮಣೆಗೆ ಆಗುವಷ್ಟು ಬಿಟ್ಟು ಉಳಿದದ್ದನ್ನು ಗೂಡ್ಸ್ ಆಟೋದಲ್ಲಿ ತುಮಕೂರಿಗೆ ತಂದೆ.

ಕ್ಯಾತ್ಸಂದ್ರದಲ್ಲಿ ನನಗೆ ಪರಿಚಯದ ಆಚಾರಿಯೊಬ್ಬರಿದ್ದಾರೆ. ಕೆಲಸ ನಾನೇ ಮಾಡುತ್ತೇನೆ, ತಪ್ಪಿದರೆ ಹೇಳಿ ಅಂತ ಒಪ್ಪಿಸಿದ್ದೆ. ಅವರು ಹಲಗೆಗಳನ್ನು ಬೆರಳ ಗೆಣ್ಣಲ್ಲಿ ಕುಟ್ಟಿ ನೋಡಿದರು. ಅಂಚಿನ ಬಿಳಿ ಭಾಗದಲ್ಲಿ ಸೂಜಿ ಚುಚ್ಚಿದಂಥ ತೂತುಗಳಿದ್ದವು. ಕುಟ್ಟೆ ಹುಳ. "ಬಿಳೀದೆಲ್ಲಾ ತೆಗೆದುಬಿಡಿ ಸಾರ್, ಚೇಗು ಇರೋ ಕಡೆ ಮಾತ್ರ ತಗೊಳ್ಳಿ" ಅಂದರು. ಚೇಗು ಅಂದರೆ ಮರದ ನಡುವಿನ ಗಟ್ಟಿ ಭಾಗ. ಸಾ ಮಿಲ್ಲಿನಲ್ಲಿ ನಾಲ್ಕಕ್ಕೆ ಎರಡು ಇಂಚಿನ ಪಟ್ಟಿ, ಮೂರು ಇಂಚು ಚದರದ ಕಾಲು ಸೀಳಿಸಿದೆ. ರಂದ ಹೊಡೆದ ಮೇಲೆ ನಾಲ್ಕು ಇಂಚು ಮೂರೂಮುಕ್ಕಾಲಾಗುತ್ತದೆ. ಅಳತೆ ಬರೆಯುವಾಗ ಈ ಕಾಲಿಂಚನ್ನು ಮರೆತು ಎರಡು ಅಡ್ಡಪಟ್ಟಿ ಹಾಳು ಮಾಡಿದೆ.

ನಾನು ಬರೆದುಕೊಂಡಿದ್ದ ನಕ್ಷೆಯನ್ನು ಆಚಾರಿಗೆ ತೋರಿಸಿದೆ. ಮೇಲೊಂದು ಚೌಕಟ್ಟು, ಅದರ ಒಳಮೂಲೆಗೆ ಕಾಲು ಒತ್ತಿಸಿ ಮೂಲೆಗೆ ಆರಾರು ಸ್ಕ್ರೂ. ಸ್ಕ್ರೂ ಜಾಸ್ತಿ ಇದ್ದಷ್ಟೂ ಗಟ್ಟಿ ಅಂತ ನನ್ನ ನಂಬಿಕೆ. ಅವರು ನಕ್ಕರು.

"ಸ್ಕ್ರೂ ಇರೋದು ಹಿಡ್ಕೊಳ್ಳೋಕೆ ಸಾರ್. ಹೊರೋಕಲ್ಲ."

ಆಮೇಲೆ ಪೆನ್ಸಿಲ್ ತಗೊಂಡು ನಕ್ಷೆಯ ಮೇಲೆ ಒಂದು ಗೆರೆ ಎಳೆದರು. ಗಾಜಿನಿಂದ ಪ್ಲೈಗೆ, ಪ್ಲೈಯಿಂದ ಪಟ್ಟಿಗೆ, ಪಟ್ಟಿಯಿಂದ ಕಾಲಿಗೆ, ಕಾಲಿಂದ ನೆಲಕ್ಕೆ. ಈ ಗೆರೆ ಎಲ್ಲೂ ಸ್ಕ್ರೂ ಮೇಲೆ ಹಾದು ಹೋಗಬಾರದು, ಮರದ ಮೇಲೆ ಮರ ಕೂತಿರಬೇಕು. ನನ್ನ ನಕ್ಷೆಯಲ್ಲಿ ಒಂಬತ್ತು ಮೂಟೆಯೂ ಇಪ್ಪತ್ತನಾಲ್ಕು ಸ್ಕ್ರೂಗಳಿಗೆ ನೇತಾಡುತ್ತಿತ್ತು. ಇಡೀ ಕೆಲಸದಲ್ಲಿ ನಾನು ಕಲಿತದ್ದು ಇದೊಂದೇ ಅಂದರೂ ತಪ್ಪಿಲ್ಲ.

ಹಾಗಾಗಿ ಪ್ರತಿ ಕಾಲಿನ ತಲೆಯಲ್ಲಿ ಕಚ್ಚು ತೆಗೆದೆ. ಪಟ್ಟಿಯ ಎತ್ತರದಷ್ಟು ಕೆಳಕ್ಕೆ, ದಪ್ಪದಷ್ಟು ಒಳಕ್ಕೆ. ಪಟ್ಟಿ ಆ ಕಚ್ಚಿನ ಮೆಟ್ಟಿಲ ಮೇಲೆ ಕೂರುತ್ತದೆ. ಹಿಂದೆ ಉಳಿದ ಮರಕ್ಕೆ ಎರಡೇ ಸ್ಕ್ರೂ, ಸರಿಯದ ಹಾಗೆ ಹಿಡಿಯೋಕೆ. ಕೇಳೋಕೆ ಸುಲಭ. ಗರಗಸದಲ್ಲಿ ಎರಡು ಕಡೆ ಕೊಯ್ದು, ಉಳಿಯಲ್ಲಿ ಮಟ್ಟ ಮಾಡುವಾಗ ಮೊದಲ ಕಾಲಿಗೆ ಒಂದಿಡೀ ಭಾನುವಾರ ಹೋಯಿತು. ಕಚ್ಚಿನ ತಳ ಸ್ವಲ್ಪ ಇಳಿಜಾರಾಗಿದ್ದರೂ ಪಟ್ಟಿ ಒಂದು ಅಂಚಿನ ಮೇಲೆ ಮಾತ್ರ ಕೂರುತ್ತದೆ. ಎಲ್ಲಿ ತಾಗುತ್ತಿದೆ ಅಂತ ನೋಡೋಕೆ ಆಚಾರಿ ಹೇಳಿಕೊಟ್ಟ ಉಪಾಯ: ಪಟ್ಟಿಯ ತಳಕ್ಕೆ ಸೀಮೆಸುಣ್ಣ ಬಳಿದು ಕಚ್ಚಿನಲ್ಲಿ ಕೂರಿಸಿ ತೆಗೆಯುವುದು. ಬಿಳಿ ಅಂಟಿದಲ್ಲಿ ಉಬ್ಬು. ಅದನ್ನು ಉಳಿಯಲ್ಲಿ ಸಿಪ್ಪೆ ತೆಗೆದ ಹಾಗೆ ತೆಗೆಯುವುದು, ಮತ್ತೆ ಕೂರಿಸುವುದು. ಐದನೇ ಕಾಲಿಗೆ ಬರುವಷ್ಟರಲ್ಲಿ ಒಂದು ಗಂಟೆ ಸಾಕಾಯಿತು. ಹಲಸಿನ ಚೇಗು ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಸ್ಕ್ರೂಗೆ ಮಾತ್ರ ಮೊದಲೇ ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ತುದಿ ಸೀಳುತ್ತದೆ.

ಐದು ಕಾಲು ಯಾಕೆ ಅಂದರೆ, ನಾಲ್ಕು ಮೂಲೆಗೆ, ಒಂದು ಹಿಂದಿನ ಪಟ್ಟಿಯ ನಡುವೆ. ಮುಂದೆ ನಡುವೆ ಕಾಲು ಕೊಟ್ಟರೆ ಒಳಗೆ ಬಕೆಟ್ಟು, ಫಿಲ್ಟರು ತೂರುವುದಿಲ್ಲ. ಪಟ್ಟಿಗಳನ್ನು ಮಲಗಿಸದೆ ನಿಲ್ಲಿಸಿ ಹಾಕಿದ್ದೆ, ನಾಲ್ಕು ಇಂಚು ಎತ್ತರಕ್ಕೆ ಬರುವ ಹಾಗೆ. ಅದೇ ಪಟ್ಟಿ ಮಲಗಿಸಿದರೆ ಬೇಗ ಬಾಗುತ್ತದೆ. ಚೌಕಟ್ಟು 49ಕ್ಕೆ 19 ಇಂಚು. ತೊಟ್ಟಿಯ ಗಾಜು ಅರ್ಧ ಇಂಚು ಒಳಗೆ, ಸರಿಯಾಗಿ ಪಟ್ಟಿಯ ಮೇಲೇ ಬರಬೇಕು ಅಂತ ಈ ಲೆಕ್ಕ. ಮೇಲೆ 19 ಎಂಎಂ ಬಿಡಬ್ಲ್ಯುಪಿ ಪ್ಲೈ, ನೀರಿಗೆ ತಡೆಯುವಂಥದ್ದು. ಇಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ.

ಆಗ ಪಕ್ಕದ ಮನೆಯವರು ಮೇಲೆ ಮನೆ ಕಟ್ಟಿಸುತ್ತಿದ್ದರು. ಸ್ಟ್ಯಾಂಡು ಭಾರ ತಡೆಯುತ್ತಾ ನೋಡೋಕೆ ಅವರ ಶೆಡ್ಡಿನಿಂದ ಒಂಬತ್ತು ಮೂಟೆ ಸಿಮೆಂಟು ಒಂದು ರಾತ್ರಿಗೆ ಸಾಲ ಕೇಳಿದೆ. ಸಾಲ ಅಂದರೆ ಹೊತ್ತು ತರುವುದು, ಹೊತ್ತು ವಾಪಸ್ ಇಡುವುದು. ಇಬ್ಬರು ಹುಡುಗರಿಗೆ ಕಾಫಿ ತಿಂಡಿ ಕೊಟ್ಟು ಒಪ್ಪಿಸಿದೆ. ಮುಂದಿನ ಪಟ್ಟಿಯ ಉದ್ದಕ್ಕೆ ಬಿಗಿಯಾಗಿ ದಾರ ಕಟ್ಟಿ, ಮೂಟೆ ಒಂದೊಂದಾಗಿ ಪೇರಿಸಿದೆವು. ಬೆಳಿಗ್ಗೆ ನೋಡಿದರೆ ನಡುವೆ ಒಂದು ಎಟಿಎಂ ಕಾರ್ಡಿನ ದಪ್ಪದಷ್ಟು ಬಾಗಿತ್ತು. ಅಷ್ಟೇ. ಖುಷಿಯಾಗಿ ಪಕ್ಕದಿಂದ ಅಂಗೈಯಲ್ಲಿ ಹೀಗೆ ತಳ್ಳಿದೆ, ಸುಮ್ನೆ.

ಇಡೀ ಸ್ಟ್ಯಾಂಡು ಉಯ್ಯಾಲೆಯ ಹಾಗೆ ಆ ಕಡೆ ಹೋಗಿ ಈ ಕಡೆ ಬಂತು. ಮೂಟೆಯಿಂದ ಒಂದಿಷ್ಟು ಸಿಮೆಂಟು ಪುಡಿ ನನ್ನ ಕಾಲ ಮೇಲೆ ಬಿತ್ತು. ನಾನು ಉಸಿರು ಹಿಡಿದು ನಿಂತಿದ್ದೆ. ಕೆಳಕ್ಕೆ ಒತ್ತುವ ಭಾರವನ್ನಷ್ಟೇ ಯೋಚಿಸಿದ್ದೆ, ಪಕ್ಕಕ್ಕೆ ವಾಲುವುದನ್ನು ಯೋಚಿಸಿಯೇ ಇರಲಿಲ್ಲ. ಚಪ್ಪಲಿ ಗೂಡೂ ಹೀಗೇ ವಾಲಿದ್ದು, ಅಲ್ವಾ! ಮೂಟೆ ಇಳಿಸಿ, ಹಿಂಭಾಗಕ್ಕೆ ಪೂರ್ತಿ 12 ಎಂಎಂ ಪ್ಲೈ, ಎರಡು ಪಕ್ಕಕ್ಕೂ ಅದೇ ಪ್ಲೈ ಬಡಿದೆ. ನಾಲ್ಕು ಇಂಚಿಗೊಂದು ಸ್ಕ್ರೂ, ಅಂಚಿಗೆಲ್ಲಾ ಮರೀನ್ ಫೆವಿಕಾಲ್. ಇಲ್ಲಿ ಸ್ಕ್ರೂ ಜಾಸ್ತಿ ಇದ್ದಷ್ಟೂ ಒಳ್ಳೆಯದೇ. ಆಮೇಲೆ ಭುಜ ಕೊಟ್ಟು ತಳ್ಳಿದರೂ ಅಲ್ಲಾಡಲಿಲ್ಲ. ಎರಡನೇ ಸಲ ಮೂಟೆ ಕೇಳೋಕೆ ಮುಖ ಇರಲಿಲ್ಲ. ನಾನೂ ಮಗನೂ ಮೇಲೆ ಕೂತು ಕಾಲಾಡಿಸಿದೆವು.

ಪಾಲಿಶ್ ಮೂರು ಕೈ. ಕಾಲಿನ ತಳಕ್ಕೆ, ಕಚ್ಚುಗಳ ಒಳಗೆ, ಪ್ಲೈ ಅಂಚಿಗೆ ಒಂದು ಕೈ ಜಾಸ್ತಿ. ನೀರು ಇಳಿಯೋದು ಅಲ್ಲಿಂದಲೇ. ಇಡುವ ಜಾಗದ ಟೈಲ್ಸನ್ನು ನಾಣ್ಯದಲ್ಲಿ ಕುಟ್ಟಿ ನೋಡಿದೆ. ಒಂದು ಡಬಡಬ ಅಂದಿತು, ಒಳಗೆ ಟೊಳ್ಳು. ಕಾಲು ಅದರ ಮೇಲೆ ಬರದ ಹಾಗೆ ಸ್ಟ್ಯಾಂಡನ್ನು ಒಂಬತ್ತು ಇಂಚು ಸರಿಸಿದೆ.

ಮಟ್ಟ ನೋಡುವ ರಸಮಟ್ಟ ಇಟ್ಟಾಗ ಎಲ್ಲಾ ಸರಿ ಇತ್ತು. ಪ್ಲೈ ಮೇಲೆ 10 ಎಂಎಂ ಥರ್ಮಾಕೋಲ್ ಹಾಸಿ, ನಾಲ್ಕು ಜನ ತೊಟ್ಟಿ ಎತ್ತಿಟ್ಟೆವು. ಕಾಲು ಭಾಗ ನೀರು ತುಂಬಿಸಿ ನಿಲ್ಲಿಸಿದೆ. ನೀರಿಗಿಂತ ಒಳ್ಳೆಯ ರಸಮಟ್ಟ ಇಲ್ಲ ನೋಡಿ. ಎರಡು ತುದಿಯಲ್ಲೂ ಗಾಜಿನ ಮೇಲಂಚಿನಿಂದ ನೀರಿನ ತನಕ ಅಳೆದರೆ ಮೂರು ಎಂಎಂ ವ್ಯತ್ಯಾಸ. ಬಲಗಡೆ ತಗ್ಗು. ನೀರು ಮತ್ತೆ ಖಾಲಿ ಮಾಡಿ, ತೊಟ್ಟಿ ಇಳಿಸಿ, ಬಲಗಡೆ ಕಾಲುಗಳ ಕೆಳಗೆ ಅಲ್ಯೂಮಿನಿಯಂ ತಗಡಿನ ತುಂಡು ಕೊಟ್ಟೆ. ಮಟ್ಟ ಮಾಡೋಕೆ ಅಂತ ತೊಟ್ಟಿಗೂ ಸ್ಟ್ಯಾಂಡಿಗೂ ನಡುವೆ ಒಂದು ಕಡೆ ಏನನ್ನೂ ತುರುಕಬಾರದು. ಗಾಜು ಒಂದೇ ಕಡೆ ಎದ್ದು ಸೀಳುತ್ತದೆ. ಆಮೇಲೆ ದಿನಕ್ಕೆ ಕಾಲು ಭಾಗದಂತೆ ನಾಲ್ಕು ದಿನ ತುಂಬಿಸಿದೆ. ಹೇಮಾವತಿ ನೀರು ಬಿಟ್ಟ ದಿನ ನೋಡಿಕೊಂಡು ಹಿಡಿದಿಟ್ಟಿದ್ದೆ. ನಮ್ಮ ಬೋರ್‌ವೆಲ್ ನೀರು ಗಾಜಿನ ಮೇಲೆ ಒಣಗಿದರೆ ಬಿಳಿ ಕಲೆ ಉಜ್ಜಿದರೂ ಹೋಗುವುದಿಲ್ಲ.

ಸಾ ಮಿಲ್ ಕೂಲಿ, ಪ್ಲೈ, ಸ್ಕ್ರೂ, ಪಾಲಿಶ್ ಎಲ್ಲಾ ಸೇರಿ ಒಂಬತ್ತು ಸಾವಿರದ ಹತ್ತಿರ ಆಯಿತು. ಆಚಾರಿ ದುಡ್ಡು ಬೇಡ ಅಂದರು, ಬಲವಂತ ಮಾಡಿ ಕೊಟ್ಟೆ. ಎರಡು ಮಳೆಗಾಲ ಕಳೆದಿದೆ. ಹಳದಿಯಾಗಿದ್ದ ಹಲಸು ಈಗ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಮುಂದಿನ ಬಾಗಿಲು ಮಾತ್ರ ಇನ್ನೂ ಮಾಡಿಲ್ಲ. ಅಮ್ಮನ ಹಳೇ ಸೀರೆಯ ಪರದೆ ಕಟ್ಟಿದ್ದೇನೆ. ಅವರ ಎರಡು ಮಣೆಯೂ ಬಾಕಿ ಇದೆ.