ಕರುಳಿನ ಸರ್ಜರಿಯಲ್ಲಿ ಸೆಫಜೋಲಿನ್ ಕೊಬ್ಬಿಗೆ ಎಷ್ಟು ಇಳಿಯುತ್ತದೆ: ನನ್ನ ಅನುಭವ

ಕರುಳಿನ ಆಪರೇಷನ್ನಿನಲ್ಲಿ ಸೋಂಕು ತಡೆಯಲು ಕೊಡುವ ಆಂಟಿಬಯಾಟಿಕ್ ಸೆಫಜೋಲಿನ್ ರೋಗಿಯ ಕೊಬ್ಬಿಗೆ ಎಷ್ಟು ತಲುಪುತ್ತದೆ ಎಂದು ಅಳೆಯಲು ಹೊರಟಾಗ, "ರಕ್ತದಲ್ಲಿ ಸಾಕಷ್ಟು ಇದೆಯಲ್ಲ, ಕೊಬ್ಬನ್ನು ಯಾಕೆ ಕೆದಕುತ್ತೀಯ?" ಎಂದು ನಕ್ಕವರೇ ಈಗ ನನ್ನ ಗ್ರಾಫ್ ಕೇಳಿ ಪಡೆಯುತ್ತಿದ್ದಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಎಲ್ಲರ ಹಾಗೆ ಅಂಗಾಂಶದ ತುಂಡನ್ನು ಅರೆದು, ಔಷಧದ ಪ್ರಮಾಣ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಗೆ ಹಾಕುತ್ತಿದ್ದೆ. ಅಂಕಿ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಅರೆದದ್ದರಲ್ಲಿ ರಕ್ತವೂ ಸೇರುತ್ತದೆ, ಜೀವಕೋಶದೊಳಗಿನ ನೀರೂ ಸೇರುತ್ತದೆ. ಸೆಫಜೋಲಿನ್ ಇರುವುದು ಹೆಚ್ಚಾಗಿ ಕೋಶದ ಹೊರಗೆ. ಹಿಮೋಗ್ಲೋಬಿನ್ ಅಳೆದು ರಕ್ತದ ಪಾಲು ಕಳೆದರೂ ಒಬ್ಬರದೇ ಎರಡು ತುಂಡು ತಾಳೆಯಾಗಲಿಲ್ಲ. ಒಂದು ವರ್ಷದ ರೀಏಜೆಂಟ್ ದುಡ್ಡಿನಲ್ಲಿ ಅರ್ಧಕ್ಕರ್ಧ ಹೀಗೇ ಹೋಯಿತು.

ಆಮೇಲೆ ಮೈಕ್ರೋಡಯಾಲಿಸಿಸ್ ಹಿಡಿದೆ: ಪೊರೆಯಿರುವ ಸಣ್ಣ ಕೊಳವೆಯನ್ನು (ಕ್ಯಾತಿಟರ್) ಕೊಬ್ಬಿನೊಳಗೆ ತೂರಿಸಿ, ಪಂಪಿನಿಂದ ಅದರಲ್ಲಿ ದ್ರವ ಹರಿಸಿ, ಆ ದ್ರವಕ್ಕೆ ಸೇರಿದ ಔಷಧವನ್ನು ಅಳೆಯುವುದು. ಪ್ರೋಟೀನಿಗೆ ಅಂಟದ ಔಷಧ ಮಾತ್ರ ಪೊರೆ ದಾಟುತ್ತದೆ. ಸೆಫಜೋಲಿನ್ ಸುಮಾರು 80 ಪ್ರತಿಶತ ಅಂಟಿಕೊಂಡೇ ಇರುವುದರಿಂದ ನನಗೆ ಬೇಕಾದದ್ದೂ ಕ್ರಿಮಿಯ ಮೇಲೆ ಕೆಲಸ ಮಾಡುವ, ಉಳಿದ ಆ ಪಾಲೇ. ಆದರೆ ಕ್ಯಾತಿಟರ್ ದುಬಾರಿ, ಒಬ್ಬರಿಗೆ ಒಂದೇ ಸಲ. ಗಾಯ ಅಗಲಿಸಿ ಹಿಡಿಯುವ ರಿಟ್ರಾಕ್ಟರ್ ಒತ್ತಿ ಕೆಲವು, ರಕ್ತ ನಿಲ್ಲಿಸಲು ಸುಡುವ ಕಾಟರಿ ತಗುಲಿ ಕೆಲವು ಹಾಳಾದವು. ಹಣ ಮಂಜೂರು ಮಾಡುವವರ ಎದುರು ಹೋಗುವುದೇ ಬೇಡ ಅನಿಸುತ್ತಿತ್ತು. ಕೊನೆಗೆ ಯಾವ ಕೋನದಲ್ಲಿ ತೂರಿಸಿ ಹೇಗೆ ಕಟ್ಟಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಅಲ್ಲಿಂದಾಚೆ ಒಂದೂ ಕೆಟ್ಟಿಲ್ಲ.

ಪಂಪ್ ನಿಮಿಷಕ್ಕೆ 2 ಮೈಕ್ರೋಲೀಟರ್ ಓಡಿಸಿದಾಗ ಸ್ಯಾಂಪಲ್ ಬೇಗ ತುಂಬುತ್ತಿತ್ತು, ರಿಕವರಿ (ಅಂಗಾಂಶದ ಔಷಧದಲ್ಲಿ ದ್ರವಕ್ಕೆ ಸೇರುವ ಪಾಲು) ಮಾತ್ರ ನೆಲಕಚ್ಚುತ್ತಿತ್ತು. 1ಕ್ಕೆ ಇಳಿಸಿದ ಮೇಲೆ ನಂಬುವಂಥ ಅಂಕಿ ಬಂತು. ಹರಿಸುವ ದ್ರವದಲ್ಲೇ ಔಷಧ ಹಾಕಿ, ಎಷ್ಟು ಹೊರಹೋಯಿತು ಎಂದು ನೋಡಿ ರಿಕವರಿ ಲೆಕ್ಕ ಹಾಕುವ ರೆಟ್ರೋಡಯಾಲಿಸಿಸನ್ನು ಪ್ರತಿ ರೋಗಿಯಲ್ಲೂ ಮಾಡಲೇಬೇಕು. ಲ್ಯಾಬಿನ ಬೀಕರಿನಲ್ಲಿ ಸಿಕ್ಕ ರಿಕವರಿ ಮೈಯೊಳಗೆ ನಡೆಯುವುದಿಲ್ಲ.

2 ಗ್ರಾಂ ಕೊಟ್ಟವರಲ್ಲಿ ಇನ್ಸಿಷನ್ (ಚರ್ಮ ಕೊಯ್ಯುವ) ಹೊತ್ತಿಗೆ ಕೊಬ್ಬಿನಲ್ಲಿ ಧಾರಾಳವಾಗಿತ್ತು. ಮೂರು ಗಂಟೆ ಕಳೆದ ಮೇಲೆ ಗ್ರಾಫಿನ ಗೆರೆ ಸರಸರನೆ ಇಳಿಯಿತು, ದಪ್ಪಗಿರುವವರಲ್ಲಿ ಶುರುವಿನಿಂದಲೇ ಕಡಿಮೆ. ನಾಲ್ಕು ಗಂಟೆಗೆ ಮರುಡೋಸ್ ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಗಂಟೆ ಎಣಿಸಬೇಕಾದದ್ದು ಮೊದಲ ಡೋಸಿನಿಂದ, ಚಾಕು ಇಟ್ಟಲ್ಲಿಂದಲ್ಲ. ಅರಿವಳಿಕೆಯವರ ಜತೆ ಇದಕ್ಕಾಗಿ ಎಷ್ಟು ಜಗಳವಾಡಿದ್ದೇನೋ!

ಸುಮ್ಮನಿರಲಾರದೆ, ಇದರ ಜತೆ ಕೊಡುವ ಇನ್ನೊಂದು ಆಂಟಿಬಯಾಟಿಕ್ ಮೆಟ್ರೋನಿಡಜೋಲನ್ನೂ ಅಳೆದೆ. ಪ್ರೋಟೀನಿಗೆ ಅಂಟುವುದು 20 ಪ್ರತಿಶತಕ್ಕಿಂತ ಕಡಿಮೆ, ಅರ್ಧಾಯುಷ್ಯ (ಮೈಯಲ್ಲಿನ ಔಷಧ ಅರ್ಧಕ್ಕಿಳಿಯುವ ಹೊತ್ತು) ಎಂಟು ಗಂಟೆಯ ಆಸುಪಾಸು. ಆಪರೇಷನ್ ಮುಗಿಯುವವರೆಗೂ ಗೆರೆ ಅಲುಗಲಿಲ್ಲ. ಬೇಜಾರಾಗುವಷ್ಟು ಒಳ್ಳೆಯ ಔಷಧ.

ಇನ್ನು ಕರುಳಿನ ಗೋಡೆಯನ್ನೇ ಅಳೆಯುವವರಿಗೆ ಒಂದು ಮಾತು. ಕತ್ತರಿಸಿ ತೆಗೆಯಲಿರುವ ಕರುಳಿನ ರಕ್ತನಾಳವನ್ನು ಸರ್ಜನ್ ಕಟ್ಟಿದ ಮೇಲೆ ಆ ಭಾಗಕ್ಕೆ ಹೊಸ ಔಷಧ ಹೋಗುವುದಿಲ್ಲ. ತುಂಡು ಹೊರಬಂದದ್ದು ಎಷ್ಟು ಗಂಟೆಗೇ ಇರಲಿ, ಸಿಗುವ ಅಂಕಿ ನಾಳ ಕಟ್ಟಿದ ಹೊತ್ತಿಗೆ ಹತ್ತಿರದ್ದು. ಆ ಸಮಯ ಬರೆದಿಲ್ಲವಾದರೆ ಸ್ಯಾಂಪಲ್ಲನ್ನು ಮೈನಸ್ 80ರ ಫ್ರೀಜರಿನಲ್ಲಿಟ್ಟೂ ಪ್ರಯೋಜನವಿಲ್ಲ, ಅದರ ಮೇಲೆ ದುಡ್ಡು ಸುರಿಯಬೇಡಿ.