ಮ್ಯಾಕ್‌ಬೆತ್ ಆಡುವವರು ಮೊದಲು ಒಂದು ಚೊಂಬು ನೀರು ತನ್ನಿ

ಕೋಲಾರದ ನಮ್ಮ ಹುಡುಗರು ಶೇಕ್ಸ್‌ಪಿಯರನ ನಾಟಕ ಮ್ಯಾಕ್‌ಬೆತ್ ಆಡೋಣ ಅಂದಾಗಲೆಲ್ಲ ಮೊದಲು ಕತ್ತಿ ಹುಡುಕುತ್ತಾರೆ. ಕತ್ತಿ ಆಮೇಲೆ ನೋಡೋಣ. ಮ್ಯಾಕ್‌ಬೆತ್ ಮಾಡುವ ಡಂಕನ್ ರಾಜನ ಕೊಲೆ ರಂಗದ ಮೇಲೆ ನಡೆಯುವುದೇ ಇಲ್ಲ, ನಮಗೆ ಕಾಣುವುದು ರಕ್ತ ಮೆತ್ತಿದ ಕೈಗಳು ಮಾತ್ರ. ಸಮುದ್ರದ ನೀರೆಲ್ಲ ತಂದರೂ ಇದು ಹೋಗುತ್ತಾ ಅಂತ ಅವನು ನಡುಗುತ್ತಾನೆ, ಸ್ವಲ್ಪ ನೀರು ಸಾಕು ಅನ್ನುತ್ತಾಳೆ ಹೆಂಡತಿ. ಆ ಮಾತಿಗೆ ಅವಳ ಕೈಯಲ್ಲಿ ಚೊಂಬು ಇರಲಿ. ಐದನೇ ಅಂಕದಲ್ಲಿ ಅವಳು ನಿದ್ದೆಯಲ್ಲೇ ನಡೆದು ಬಂದು ಕೈ ಉಜ್ಜಿಕೊಳ್ಳುತ್ತಾಳಲ್ಲ, ಆಗ ಅದೇ ಚೊಂಬು ಖಾಲಿಯಾಗಿ ಪಕ್ಕದಲ್ಲಿ ಬಿದ್ದಿರಲಿ. ಅವಳು ಅದನ್ನು ಮುಟ್ಟುವುದು ಬೇಡ, ನೋಡುವುದೂ ಬೇಡ.

ಮ್ಯಾಕ್‌ಬೆತ್ ಪಾತ್ರ ಮಾಡುವವರು ದಯವಿಟ್ಟು ಗುಡುಗಬೇಡಿ. ಡಂಕನ್ ನನ್ನ ನೆಂಟ, ನನ್ನ ಒಡೆಯ, ಮನೆಗೆ ಬಂದ ಅತಿಥಿ ಅಂತ ತಾನೇ ಲೆಕ್ಕ ಹಾಕಿ, ಈ ಕೆಲಸ ಇಲ್ಲಿಗೇ ಬಿಡೋಣ ಅಂತ ಹೆಂಡತಿಗೆ ಹೇಳಿದವನು ಅವನು. ಮನೆಯಲ್ಲಿ ಉಂಡು ಮಲಗಿದವನನ್ನು ಕೊಲ್ಲುವುದು ಎಂಥದ್ದು ಅಂತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಪಾಪದ ಭಯ ಕೊಲೆಗೂ ಮುಂಚೆಯೇ ಅವನೊಳಗಿದೆ. ಕೊಲೆ ಆದಮೇಲೆ 'ಆಮೆನ್' ಗಂಟಲಲ್ಲೇ ಸಿಕ್ಕಿಕೊಂಡಿತು ಅನ್ನುವಾಗ ದನಿ ತಗ್ಗಿಸಿ, ಸುಮ್ನೆ ಕಿರುಚಿದರೆ ಆ ಸಂಕಟ ಯಾರಿಗೂ ಮುಟ್ಟುವುದಿಲ್ಲ.

ಮಾತು ಬಾಯಿಗೆ ಕೂರದಿದ್ದರೆ ನಮ್ಮ ಮುಳಬಾಗಿಲಿನ ಡಿ.ವಿ.ಜಿ.ಯವರ ಅನುವಾದ ಓದಿ. ಆಮೇಲೆ ಪುಸ್ತಕ ಮುಚ್ಚಿ, ಅದೇ ಮಾತನ್ನು ನಿಮ್ಮ ಮನೆಮಾತಿನ ಧಾಟಿಯಲ್ಲಿ ಒಮ್ಮೆ ಹೇಳಿ ನೋಡಿ.

ಅನುಮಾನ ತೋರಿಸುವುದು ಜಾಸ್ತಿ ಕಷ್ಟ. ಕಣ್ಣು ಕಿರಿದು ಮಾಡಿದರೆ ಆಗಲ್ಲ. ಗಂಡ ಹೆಂಡತಿಯ ನಡುವಿನ ದೂರವನ್ನು ಹೆಜ್ಜೆಯಲ್ಲಿ ಅಳೆಯಿರಿ. ಕೊಲೆಯ ಸಂಚು ಮಾಡುವಾಗ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗಬೇಕು. ತನ್ನ ಜೊತೆಗಾರ ಸೇನಾಪತಿ ಬ್ಯಾಂಕೋನನ್ನು ಮುಗಿಸಲು ಜನ ಕಳಿಸಿದ್ದನ್ನು ಅವನು ಅವಳಿಗೂ ಬಾಯಿಬಿಟ್ಟು ಹೇಳುವುದಿಲ್ಲ, ಅಲ್ಲಿ ನಾಲ್ಕು ಹೆಜ್ಜೆ ದೂರ ನಿಲ್ಲಿ. ಔತಣದಲ್ಲಿ ಬ್ಯಾಂಕೋನ ಪ್ರೇತ ಕಾಣುವುದು ಅವನೊಬ್ಬನಿಗೇ, ಹಾಗಾಗಿ ನಾನಾದರೆ ಕುರ್ಚಿ ಖಾಲಿ ಬಿಡುತ್ತೇನೆ. ನೆಂಟರೆಲ್ಲ ಎದ್ದು ಹೋದಮೇಲೆ, ಒಬ್ಬೊಬ್ಬರ ಮನೆಯಲ್ಲೂ ನಾನು ದುಡ್ಡು ಕೊಟ್ಟು ಆಳು ಇಟ್ಟಿದ್ದೇನೆ ಅನ್ನುತ್ತಾನೆ. ಇದನ್ನು ಅವಳ ಮುಖ ನೋಡದೆ ಹೇಳಿ. ಈ ದೃಶ್ಯ ಮುಗಿದಮೇಲೆ ಇಡೀ ನಾಟಕದಲ್ಲಿ ಅವರಿಬ್ಬರೂ ಮತ್ತೆ ಒಟ್ಟಿಗೆ ರಂಗದ ಮೇಲೆ ಬರುವುದಿಲ್ಲ, ಅದಕ್ಕೇ ಹೊರಗೆ ಹೋಗುವಾಗ ಅವಳು ಒಂದು ಗಳಿಗೆ ಹಿಂದೆ ಉಳಿಯಲಿ.